ಮಂಡಿ ಆಪರೇಷನ್ ಆದ ಅಮ್ಮನಿಗೆ ರಾಗ ಚಿಕಿತ್ಸೆ: ನಂಬಬಹುದಾ?

ಸಾಲಗಾಮೆ ರಸ್ತೆ (ಹಾಸನ)

ಎಲ್ಲರಿಗೂ ನಮಸ್ಕಾರ. ಅಮ್ಮನಿಗೆ ಬಲ ಮಂಡಿ ಬದಲಿಸುವ ಆಪರೇಷನ್ ಆಗಿದೆ. ಈಗ ಮನೆಯಲ್ಲೇ ಇದ್ದಾರೆ. ಗಾಯ ಒಣಗುತ್ತಿದೆ, ಡಾಕ್ಟರು ಎಲ್ಲ ಸರಿಯಾಗಿದೆ ಅಂದಿದ್ದಾರೆ. ಕಷ್ಟ ಇರುವುದು ಫಿಸಿಯೋಥೆರಪಿಯಲ್ಲಿ. ಮಂಡಿ ಮಡಿಸುವ ಹೊತ್ತಿಗೆ ಹಲ್ಲು ಕಚ್ಚಿಕೊಂಡು ಮಂಚದ ಅಂಚು ಹಿಡಿದುಕೊಳ್ಳುತ್ತಾರೆ. ಎರಡು ಸಲ ಮಡಿಸಿದ ಮೇಲೆ ‘ಇವತ್ತು ಸಾಕು ಕಣೋ, ನಾಳೆ ಮಾಡ್ತೀನಿ’ ಅನ್ನುತ್ತಾರೆ. ನಾಳೆಯೂ ಅದೇ ಮಾತು.

ನಮ್ಮ ಚಿಕ್ಕಪ್ಪ ರಾಗ ಚಿಕಿತ್ಸೆ ಮಾಡುವವರೊಬ್ಬರ ನಂಬರ್ ಕೊಟ್ಟರು. ಫೋನ್ ಮಾಡಿದರೆ ಮೊದಲು ಕೇಳಿದ್ದು ಅಮ್ಮನ ಜನ್ಮ ನಕ್ಷತ್ರ! ನಕ್ಷತ್ರ ನೋಡಿ ರಾಗ ಆರಿಸಿ ಪೆನ್‌ಡ್ರೈವ್‌ಗೆ ಹಾಕಿ ಕೊಡುತ್ತಾರಂತೆ. ಬೆಳಿಗ್ಗೆ ಸಂಜೆ ಕೇಳಿದರೆ ಊತ ಇಳಿಯುತ್ತದಂತೆ, ನೋವಿನ ಮಾತ್ರೆ ನಿಲ್ಲಿಸಬಹುದಂತೆ. ದುಡ್ಡು ಮಾತ್ರ ಮೊದಲೇ ಕಟ್ಟಬೇಕು. ಅದು ಸಣ್ಣ ಮೊತ್ತ ಏನಲ್ಲ.

ನನಗೆ ಅಷ್ಟು ನಂಬಿಕೆ ಬರುತ್ತಿಲ್ಲ. ಆದರೆ ಸಂಗೀತದಿಂದ ನೋವು ಕಡಿಮೆ ಆಗುತ್ತದೆ ಅಂತ ಎಲ್ಲ ಕಡೆ ಓದುತ್ತೇವೆ ಅಲ್ವಾ? ಅದರಲ್ಲಿ ಎಷ್ಟು ನಿಜ, ಎಷ್ಟು ಸುಮ್ನೆ ಮಾತು? ಗೊತ್ತಿದ್ದವರು ಹೇಳಿ.

ಕಡೂರು ತೆಂಗು

ದುಡ್ಡು ದಂಡ ಸ್ವಾಮಿ. ನಕ್ಷತ್ರ ಕೇಳಿದ ಕೂಡಲೇ ಫೋನ್ ಇಡಬೇಕಿತ್ತು. ಆ ದುಡ್ಡಲ್ಲಿ ಫಿಸಿಯೋದವರನ್ನು ಇನ್ನೂ ಒಂದು ತಿಂಗಳು ಕರೆಸಿ.

ನರ್ಸಕ್ಕ (ಚಿಕ್ಕಮಗಳೂರು)

ನಾನು ಆಪರೇಷನ್ ಆದವರ ವಾರ್ಡ್‌ನಲ್ಲೇ ಜಾಸ್ತಿ ಕೆಲಸ ಮಾಡಿದ್ದು. ಆ ಪೆನ್‌ಡ್ರೈವ್ ಬಿಡಿ. ಆದರೆ ಸಂಗೀತದ ವಿಷಯವನ್ನೇ ತಳ್ಳಿಹಾಕಬೇಡಿ, ಯಾಕೆಂದರೆ ಆಪರೇಷನ್ ನಂತರದ ನೋವಿನ ಬಗ್ಗೆಯೇ ಇದರ ಮೇಲೆ ಒಳ್ಳೆಯ ಕೆಲಸ ಆಗಿದೆ.

2015ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ, ಆವರೆಗಿನ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಒಂದು ದೊಡ್ಡ ವಿಮರ್ಶೆ ಬಂತು. 70ಕ್ಕೂ ಜಾಸ್ತಿ ಪ್ರಯೋಗಗಳು, ಎಲ್ಲ ಸೇರಿ ಸುಮಾರು 7 ಸಾವಿರ ರೋಗಿಗಳು. ಆಪರೇಷನ್‌ಗೆ ಮೊದಲು, ನಡುವೆ ಅಥವಾ ಆಮೇಲೆ ಸಂಗೀತ ಕೇಳಿದವರಿಗೆ ನೋವು ಕಡಿಮೆ, ಗಾಬರಿ ಕಡಿಮೆ, ನೋವಿನ ಔಷಧಿಯೂ ಸ್ವಲ್ಪ ಕಡಿಮೆ ಬೇಕಾಯಿತು. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿದವರಿಗೂ ಸ್ವಲ್ಪ ಪರಿಣಾಮ ಕಂಡಿತು, ಅದು ನನಗೆ ಇವತ್ತಿಗೂ ಆಶ್ಚರ್ಯ. ಆದರೆ ಸಂಗೀತ ಕೇಳಿದವರೇನೂ ಬೇಗ ಡಿಸ್ಚಾರ್ಜ್ ಆಗಲಿಲ್ಲ. ಆಸ್ಪತ್ರೆಯಲ್ಲಿ ಇದ್ದ ದಿನಗಳು ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ.

ಎಷ್ಟು ಕಡಿಮೆ ಅಂತ ಕೇಳಿದರೆ, ಅದಕ್ಕೂ ಮೊದಲು 2006ರಲ್ಲಿ ಕೊಕ್ರೇನ್ ಅನ್ನುವ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಸಂಸ್ಥೆಯವರು 51 ಅಧ್ಯಯನ ಒಟ್ಟು ಹಾಕಿ ನೋಡಿದ್ದರು. ನೋವಿಗೆ ಸೊನ್ನೆಯಿಂದ 10ರವರೆಗೆ ಅಂಕ ಕೊಡಿಸುತ್ತೇವಲ್ಲ, ಅದರಲ್ಲಿ ಸರಾಸರಿ ಅರ್ಧ ಅಂಕ ಇಳಿಯಿತು. ಆಪರೇಷನ್ ಆದ ಮೊದಲ ಎರಡು ಗಂಟೆಯಲ್ಲಿ ಮಾರ್ಫಿನ್ ಅನ್ನುವ ಬಲವಾದ ನೋವಿನ ಔಷಧಿ ಸುಮಾರು 1 ಮಿಲಿಗ್ರಾಂ ಕಡಿಮೆ ಸಾಕಾಯಿತು. ಇಷ್ಟೇ. ಪವಾಡ ಅಲ್ಲ, ಸುಳ್ಳೂ ಅಲ್ಲ.

ಹಾಗಾಗಿ ಮಾತ್ರೆ ನಿಲ್ಲಿಸಿ ಅನ್ನುವವರ ಮಾತು ಕೇಳಲೇಬೇಡಿ. ನೋವು ತಡೆಯಲಾಗದೆ ಅಮ್ಮ ಮಂಡಿ ಮಡಿಸದೆ ಕೂತರೆ ಕೀಲು ಬಿಗಿದುಕೊಳ್ಳುತ್ತದೆ. ಆಮೇಲೆ ಇನ್ನೂ ಜಾಸ್ತಿ ಕಷ್ಟ.

ಕಡೂರು ತೆಂಗು

ಅಕ್ಕಾ, 10ಕ್ಕೆ ಅರ್ಧ ಅಂಕ ಅಂದರೆ ಏನು ಬಂತು? 7 ಇದ್ದದ್ದು ಆರೂವರೆ ಆಯಿತು ಅಂತ ಯಾರಾದರೂ ಸಿಹಿ ಹಂಚುತ್ತಾರಾ? ಅದೂ ಅಲ್ಲದೆ, ಹಾಡು ಹಾಕಿದ್ದಾರೆ ಅಂತ ರೋಗಿಗೆ ಗೊತ್ತೇ ಇರುತ್ತದೆ. ಔಷಧಿ ಪರೀಕ್ಷಿಸುವಾಗ ಕೆಲವರಿಗೆ ಬರೀ ಸಕ್ಕರೆ ಮಾತ್ರೆ ಕೊಟ್ಟು ಮರೆಮಾಚುವ ಹಾಗೆ ಇಲ್ಲಿ ಮರೆಮಾಚಲು ಆಗುವುದಿಲ್ಲ. ‘ಕಡಿಮೆ ಆಯ್ತಾಮ್ಮ’ ಅಂದರೆ ಪಾಪ ‘ಹೂಂ ಆಯ್ತು’ ಅಂತಾರೆ.

ನರ್ಸಕ್ಕ

ಎರಡನೆಯ ಮಾತು ಸರಿ. ಈ ಅಧ್ಯಯನಗಳ ದೊಡ್ಡ ತೊಡಕೇ ಅದು, ಅದನ್ನು ಮಾಡಿದವರೂ ಒಪ್ಪುತ್ತಾರೆ. ಆದರೆ ಅರ್ಧ ಅಂಕ ಅನ್ನುವುದು ಸರಾಸರಿ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಚೆನ್ನಾಗೇ ಆಗುತ್ತದೆ. ಜೊತೆಗೆ ಇದಕ್ಕೆ ಖರ್ಚಿಲ್ಲ, ಹೊಟ್ಟೆ ಉರಿ ಬರಿಸುವುದಿಲ್ಲ, ಕಿಡ್ನಿಗೆ ತೊಂದರೆ ಇಲ್ಲ. ಡ್ರೆಸ್ಸಿಂಗ್ ಟ್ರಾಲಿಯ ಚಕ್ರದ ಸದ್ದು ಕೇಳಿದ ಕೂಡಲೇ ಭುಜ ಕಿವಿಯವರೆಗೂ ಏರಿಸಿಕೊಂಡು ಕೂರುವ ರೋಗಿಗಳನ್ನು ನೋಡಿದ್ದೇನೆ. ಗಾಯ ಮುಟ್ಟುವ ಮೊದಲೇ ಅವರಿಗೆ ನೋವು ಶುರು. ಅಂಥವರ ಪಕ್ಕದಲ್ಲಿ ಮೊಬೈಲ್‌ನಲ್ಲಿ ಅವರಿಗೆ ಬೇಕಾದ ಹಾಡು ಹಾಕಿಟ್ಟರೆ ಭುಜ ಇಳಿಯುತ್ತದೆ, ಮುಷ್ಟಿ ಸಡಿಲ ಆಗುತ್ತದೆ. ಟೇಪು ಕೀಳುವಾಗ ‘ಅಯ್ಯೋ’ ಅನ್ನುತ್ತಾರೆ, ಅನ್ನದೆ ಇರುವುದಿಲ್ಲ. ಆದರೆ ಕೈ ತಳ್ಳುವುದಿಲ್ಲ. ನಮಗೆ ಅಷ್ಟು ಸಾಕು.

ಮೂಡಿಗೆರೆ ಮಳೆ

ಅಲ್ಲ ಮಾರಾಯ್ರೆ, ಇದು ಬರೀ ಗಮನ ಬೇರೆ ಕಡೆ ಹೋಗುವುದಾ ಅಥವಾ ಮೈಯೊಳಗೆ ನಿಜವಾಗಿ ಏನಾದರೂ ಆಗುತ್ತದಾ? ಗಮನ ತಿರುಗಿಸುವುದೇ ಆದರೆ ಟಿವಿ ಧಾರಾವಾಹಿ ಹಾಕಿದರೂ ಆಯಿತಲ್ಲ. ನಮ್ಮತ್ತೆಗೆ ಧಾರಾವಾಹಿ ಹೊತ್ತಲ್ಲಿ ಸೊಂಟನೋವು ಇರುವುದೇ ಇಲ್ಲ, ಜಾಹೀರಾತು ಬಂದಾಗ ಬರುತ್ತದೆ.

ರತ್ನಗಿರಿ ಬೋರೆ (ಚಿಕ್ಕಮಗಳೂರು)

ನಿಮ್ಮತ್ತೆಯದು ನಾಟಕ ಅಲ್ಲ, ಅದು ನಿಜವಾಗಿ ಹಾಗೇ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ, ಮಕ್ಕಳಿಗೆ ಹೇಳುವ ಹಾಗೆಯೇ ಇಲ್ಲೂ ಹೇಳುತ್ತೇನೆ.

ಗಾಯದಿಂದ ಹೊರಟ ಸಂಕೇತ ಹಾಗೇ ಪೂರ್ತಿಯಾಗಿ ಮಿದುಳಿಗೆ ತಲುಪುತ್ತದೆ ಅಂತ ಬಹಳ ಕಾಲ ಅಂದುಕೊಂಡಿದ್ದರು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಬೇರೆ ಮಾತು ಹೇಳಿದರು. ಬೆನ್ನುಹುರಿಯಲ್ಲಿ ಒಂದು ಗೇಟು ಇದ್ದ ಹಾಗೆ, ಅದು ಕೆಲವೊಮ್ಮೆ ಜಾಸ್ತಿ ತೆರೆಯುತ್ತದೆ, ಕೆಲವೊಮ್ಮೆ ಕಡಿಮೆ. ಕೊಟ್ಟಿಗೆಹಾರದ ಚೆಕ್‌ಪೋಸ್ಟ್ ನೆನಪಿಸಿಕೊಳ್ಳಿ, ಘಾಟಿ ಇಳಿಯುವ ಎಲ್ಲ ಗಾಡಿಯನ್ನೂ ಒಂದೇ ಸಲ ಬಿಡುವುದಿಲ್ಲ. ಮಂಡಿಗೆ ಪೆಟ್ಟಾದ ಕೂಡಲೇ ನಾವು ಉಜ್ಜುತ್ತೇವಲ್ಲ, ಆ ಸ್ಪರ್ಶದ ಸಂಕೇತ ಹೋಗಿ ನೋವಿನ ಸಂಕೇತವನ್ನು ತಡೆಯುತ್ತದೆ. ಮಿದುಳಿನಿಂದಲೂ ಕೆಳಕ್ಕೆ ಅಪ್ಪಣೆ ಬರುತ್ತದೆ. ಹೆದರಿಕೆ ಇದ್ದರೆ ಗೇಟು ತೆರೆದುಕೊಳ್ಳುತ್ತದೆ, ಮನಸ್ಸು ಹಗುರ ಇದ್ದರೆ ಮುಚ್ಚಿಕೊಳ್ಳುತ್ತದೆ. ಆ ಸಿದ್ಧಾಂತದ ಕೆಲವು ವಿವರ ಆಮೇಲೆ ಬದಲಾದವು, ಆದರೆ ಮೂಲ ವಿಚಾರ ನಿಂತಿದೆ.

ಇನ್ನು ಸಂಗೀತಕ್ಕೂ ಧಾರಾವಾಹಿಗೂ ವ್ಯತ್ಯಾಸ ಏನು ಅಂದರೆ, 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಮೈ ಜುಮ್ಮೆನ್ನಿಸುವ ಸಂಗೀತವನ್ನು ಅವರವರೇ ತರಬೇಕು, ಅದನ್ನು ಕೇಳುವಾಗ ಮಿದುಳನ್ನು ಸ್ಕ್ಯಾನ್ ಮಾಡುತ್ತಾರೆ. ಜುಮ್ಮೆನ್ನುವ ಹೊತ್ತಿಗೆ ಮಿದುಳಿನಲ್ಲಿ ಖುಷಿಗೆ ಸಂಬಂಧಿಸಿದ ಡೋಪಮಿನ್ ಅನ್ನುವ ರಾಸಾಯನಿಕ ಬಿಡುಗಡೆ ಆಗುವುದು ಕಂಡಿತು. ಅಷ್ಟೇ ಅಲ್ಲ, ಆ ಜಾಗ ಬರುವುದಕ್ಕೆ ಸ್ವಲ್ಪ ಮೊದಲೇ, ಈಗ ಬರುತ್ತದೆ ಅನ್ನುವ ಕಾತರದಲ್ಲೇ ಮಿದುಳಿನ ಇನ್ನೊಂದು ಭಾಗದಲ್ಲಿ ಅದು ಶುರುವಾಗಿತ್ತು. ನೂರು ಸಲ ಕೇಳಿದ ಹಾಡು ಯಾಕೆ ಬೇಜಾರಾಗುವುದಿಲ್ಲ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬೇಕು.

ಹಾಡು ಯಾರು ಆರಿಸಿದರು ಅನ್ನುವುದೂ ಇದೆ. ತಣ್ಣನೆ ನೀರಿನಲ್ಲಿ ಕೈ ಅದ್ದಿ ಎಷ್ಟು ಹೊತ್ತು ತಡೆಯುತ್ತಾರೆ ಅಂತ ನೋಡುವ ಪ್ರಯೋಗ ಒಂದಿದೆ. 2006ರಲ್ಲಿ ಪ್ರಕಟವಾದ ಅಂಥ ಒಂದರಲ್ಲಿ, ‘ವಿಶ್ರಾಂತಿಗೆ’ ಅಂತ ಬೇರೆಯವರು ಆರಿಸಿಕೊಟ್ಟ ಸಂಗೀತಕ್ಕಿಂತ ತಮಗೆ ಇಷ್ಟವಾದದ್ದನ್ನು ಕೇಳಿದವರೇ ಜಾಸ್ತಿ ಹೊತ್ತು ತಡೆದರು.

ನರ್ಸಕ್ಕ

ಸರ್, ಲ್ಯಾನ್ಸೆಟ್ ವಿಮರ್ಶೆಯಲ್ಲಿ ರೋಗಿ ಆರಿಸಿದರೂ ಬೇರೆಯವರು ಆರಿಸಿದರೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ ಅಂತಿದೆಯಲ್ಲ?

ರತ್ನಗಿರಿ ಬೋರೆ

ಹೌದು, ಅಲ್ಲಿ ಕಾಣಲಿಲ್ಲ. ಆದರೆ ಅಲ್ಲಿ ‘ರೋಗಿಯ ಆಯ್ಕೆ’ ಅಂದರೆ ಎಷ್ಟೋ ಕಡೆ ಆಸ್ಪತ್ರೆಯವರು ಕೊಟ್ಟ ಪಟ್ಟಿಯಲ್ಲಿ ಒಂದನ್ನು ಹೇಳುವುದು. ಮನೆಯಿಂದ ತಂದ ಹಾಡು ಬೇರೆ. ನನ್ನ ಅಭಿಪ್ರಾಯ ಕೇಳಿದರೆ, ಅಮ್ಮನಿಗೇ ಬಿಡಿ. ಹೇಗಿದ್ದರೂ ನಷ್ಟ ಇಲ್ಲ.

ತಂಬೂರಿ (ಅರಕಲಗೂಡು)

ರಾಗದ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸಂಗೀತ ಹೇಳಿಕೊಡುವವಳು. ನಮ್ಮ ತಾಲೂಕಿನ ರುದ್ರಪಟ್ಟಣದ ಹೆಸರು ಸಂಗೀತ ಗೊತ್ತಿರುವವರಿಗೆಲ್ಲ ಗೊತ್ತು. ಕಾವೇರಿ ದಂಡೆಯ ಸಣ್ಣ ಊರು, ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲೇ, ತಂಬೂರಿ ಆಕಾರದಲ್ಲೇ ಕಟ್ಟಿದ ಸಪ್ತಸ್ವರ ಮಂದಿರವೂ ಅಲ್ಲಿದೆ. ರಾಗದಿಂದ ರೋಗ ಹೋಗುತ್ತದಾ ಅಂತ ನನ್ನನ್ನು ಕೇಳದ ನೆಂಟರೇ ಇಲ್ಲ.

ನಮ್ಮಲ್ಲಿ ಆ ನಂಬಿಕೆ ಹಳೆಯದು. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯ ತಂಬಿಯಪ್ಪನ ಹೊಟ್ಟೆನೋವಿಗೆ ಗುರುಗ್ರಹದ ಮೇಲೆ ಅಠಾಣ ರಾಗದಲ್ಲಿ ಕೃತಿ ಮಾಡಿಕೊಟ್ಟರು, ಅವನು ಹಾಡಿ ಗುಣವಾದ ಅಂತ ಕಥೆ. ಕಛೇರಿಗಳಲ್ಲಿ ನವಗ್ರಹ ಕೃತಿ ಹಾಡುವ ಮೊದಲು ಇದನ್ನು ಹೇಳದೆ ಇರುವವರು ಕಡಿಮೆ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ರೋಗ ನಿವಾರಣೆಗೆಂದೇ ಸಂಗೀತ ಕಛೇರಿ ನಡೆಸುತ್ತಾ ಬಂದಿದ್ದಾರೆ. ಇದೆಲ್ಲ ಭಕ್ತಿಯ ಮಾತು, ನನಗೂ ಗೌರವ ಇದೆ. ಆದರೆ ದೀಕ್ಷಿತರ ಕಥೆಯಲ್ಲೂ ಶಿಷ್ಯ ತಾನೇ ಕಲಿತು ಹಾಡಿದ, ಪೆನ್‌ಡ್ರೈವ್ ಕೇಳಲಿಲ್ಲ, ಗಮನಿಸಿ!

ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿ ನೋಡಿದ್ದೀರಲ್ಲ, ಈ ರಾಗ ಬಿ.ಪಿ.ಗೆ, ಆ ರಾಗ ಸಕ್ಕರೆ ಕಾಯಿಲೆಗೆ, ಇನ್ನೊಂದು ಕೀಲುನೋವಿಗೆ. ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಹೊಂದುವುದಿಲ್ಲ. ಅಲ್ಲದೆ ರಾಗ ಅಂದರೆ ಮಾತ್ರೆಯ ಹಾಗೆ ಒಂದೇ ಅಳತೆಯದ್ದಲ್ಲ. ಮೋಹನ ರಾಗವನ್ನು ನಿಧಾನಕ್ಕೆ ಆಲಾಪನೆ ಮಾಡಿದರೆ ಒಂದು ಥರ, ಅದೇ ಮೋಹನದಲ್ಲಿ ಬಿರುಸಾಗಿ ಸ್ವರ ಹಾಕಿ ಮೃದಂಗದವರು ತೀರ್ಮಾನ (ಮುಗಿಸುವ ಪೆಟ್ಟು) ಕೊಟ್ಟರೆ ಇನ್ನೊಂದು ಥರ. ಹೆಸರು ಒಂದೇ. ಯಾವುದನ್ನು ಕೊಡುತ್ತೀರಿ ಅಂತ ಆ ಪುಣ್ಯಾತ್ಮರನ್ನು ಕೇಳಿ ನೋಡಿ.

ಇಟಲಿಯ ಹೃದಯ ತಜ್ಞರೊಬ್ಬರ ತಂಡ 2006ರಲ್ಲಿ ಪ್ರಕಟಿಸಿದ್ದನ್ನು ನನ್ನ ಶಿಷ್ಯೆ ಒಬ್ಬಳು ಓದಿ ಹೇಳಿದಳು. ಆರು ಥರದ ಸಂಗೀತ ಕೇಳಿಸಿದರು, ಅದರಲ್ಲಿ ನಮ್ಮ ರಾಗವೂ ಇತ್ತು, ಬೀಥೋವನ್ ಇತ್ತು, ರ‍್ಯಾಪ್ ಕೂಡ ಇತ್ತು. ಉಸಿರು, ಎದೆಬಡಿತ, ಬಿ.ಪಿ. ಏರಿಳಿದದ್ದು ಮುಖ್ಯವಾಗಿ ಲಯದ ವೇಗಕ್ಕೆ ತಕ್ಕ ಹಾಗೆ. ಯಾವ ಶೈಲಿ ಅನ್ನುವುದು ಅಷ್ಟು ಮುಖ್ಯ ಆಗಲಿಲ್ಲ. ಎಲ್ಲಕ್ಕಿಂತ ತಮಾಷೆ ಎಂದರೆ, ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದಾಗ ಮೈ ಜಾಸ್ತಿ ಸಡಿಲ ಆಗಿತ್ತು, ಶುರುವಿಗಿಂತಲೂ. ಒಳ್ಳೆಯ ಸಂಗೀತಗಾರರು ನಿಲುಗಡೆಗೆ ಬೆಲೆ ಕೊಡುವುದು ಸುಮ್ನೆ ಅಲ್ಲ.

ಹೇಮಾವತಿ ದಂಡೆ (ಹಾಸನ)

ನಮ್ಮ ತಂದೆಗೆ ಲಕ್ವ ಹೊಡೆದು ಮಾತು ನಿಂತುಹೋಗಿತ್ತು. ನೀರು ಬೇಕು ಅನ್ನಲು ಆಗುತ್ತಿರಲಿಲ್ಲ. ಆದರೆ ಪಕ್ಕದ ಮನೆಯಲ್ಲಿ ಭಜನೆ ನಡೆಯುತ್ತಿದ್ದಾಗ ಇವರು ಇಲ್ಲಿಂದಲೇ ದೇವರನಾಮದ ಪಲ್ಲವಿ ಪೂರ್ತಿ ಹೇಳಿದರು. ಪದ ಸಮೇತ. ನಾವೆಲ್ಲ ಕೆಲಸ ಬಿಟ್ಟು ಓಡಿ ಬಂದೆವು. ಮಾತು ಬಂತು ಅಂತ ಖುಷಿಪಟ್ಟೆವು, ಆದರೆ ‘ಅಪ್ಪಾ ಕಾಫಿ ಕುಡಿತೀರಾ’ ಅಂದರೆ ಮತ್ತೆ ಬಾಯಿ ತಡವರಿಸಿತು. ಇದು ಯಾಕೆ ಹೀಗೆ?

ರತ್ನಗಿರಿ ಬೋರೆ

ಬಹಳ ಜನರಲ್ಲಿ ಹೀಗಾಗುತ್ತದೆ. ಹೆಚ್ಚಿನವರಿಗೆ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿ. ಅಲ್ಲಿಗೆ ರಕ್ತ ಹೋಗುವುದು ನಿಂತರೆ ಮಾತು ಹೋಗುತ್ತದೆ. ಹಾಡುವುದಕ್ಕೆ ಬಲಭಾಗದ ಸಹಾಯವೂ ಜಾಸ್ತಿ ಇರುತ್ತದೆ, ಬಾಯಿಪಾಠ ಆದ ಪದಗಳ ದಾರಿಯೂ ಸ್ವಲ್ಪ ಬೇರೆ. ಇದನ್ನೇ ಹಿಡಿದು 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಚಿಕಿತ್ಸೆ ಶುರು ಮಾಡಿದರು. ‘ನೀರು ಬೇಕು’ ಅಂತ ದಿನಬಳಕೆಯ ಮಾತನ್ನೇ ಎರಡು ಸ್ವರದಲ್ಲಿ ಎಳೆದು ಹಾಡಿಸುವುದು, ಎಡಗೈಯಿಂದ ತಾಳ ತಟ್ಟಿಸುವುದು, ಆಮೇಲೆ ನಿಧಾನಕ್ಕೆ ಹಾಡನ್ನು ಬಿಡಿಸಿ ಮಾತಿಗೆ ತರುವುದು. ಎಲ್ಲರಿಗೂ ಫಲಿಸುವುದಿಲ್ಲ. ಮಾತು ಅರ್ಥ ಆಗುತ್ತದೆ, ಆಡಲು ಮಾತ್ರ ಆಗುವುದಿಲ್ಲ ಅನ್ನುವವರಿಗೆ ಹೆಚ್ಚು ಹೊಂದುತ್ತದೆ. ಮಾತಿನ ಚಿಕಿತ್ಸಕರ ಹತ್ತಿರ ಕರೆದುಕೊಂಡು ಹೋಗಿ, ಹಾಡಿದ ವಿಷಯ ಮರೆಯದೆ ಹೇಳಿ.

ಮಂಡಿ ಮೇಷ್ಟ್ರು (ಫಿಸಿಯೋ, ಹಾಸನ)

ಸಾಲಗಾಮೆಯವರೇ, ನಿಮ್ಮ ಪ್ರಶ್ನೆಗೆ ನಮ್ಮ ಕಡೆಯಿಂದ ಒಂದು ಮಾತು. ಲಯ ನಮಗೆ ದಿನವೂ ಬೇಕಾದ ಸಾಮಾನು. ಪಾರ್ಕಿನ್‌ಸನ್ ಅನ್ನುವ ಮಿದುಳಿನ ಕಾಯಿಲೆ ಇರುವವರು ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಟಕ್ ಟಕ್ ಅಂತ ತಾಳ ಕೇಳಿಸಿದರೆ ಹೆಜ್ಜೆ ಬೀಳುತ್ತದೆ. 1996ರಲ್ಲಿ ಮೈಕೆಲ್ ಥಾಟ್ ಅನ್ನುವವರ ತಂಡ ಮೂರು ವಾರ ಮನೆಯಲ್ಲೇ ಲಯಕ್ಕೆ ನಡೆಸಿ ನೋಡಿ, ನಡಿಗೆಯ ವೇಗ ಹೆಚ್ಚಾಯಿತು ಅಂತ ಬರೆದರು. ಕಿವಿಗೂ ಕಾಲಿಗೂ ಇರುವ ನಂಟು ಅಷ್ಟು ಗಟ್ಟಿ.

ಮಂಡಿ ಆಪರೇಷನ್ ಆದವರಿಗೆ ನಾನು ಮಾಡಿಸುವುದು ಹೀಗೆ. ವ್ಯಾಯಾಮಕ್ಕೆ ಕಾಲು ಗಂಟೆ ಮೊದಲು ಅವರಿಗೆ ಇಷ್ಟವಾದದ್ದು ಯಾವುದಾದರೂ ನಿಧಾನದ್ದು ಹಾಕಿ, ಸುಮ್ನೆ ಮಲಗಿ ಉಸಿರಾಡಲಿ. ಮಡಿಸುವಾಗ ಸ್ವಲ್ಪ ಲಯ ಇರುವುದು, ಎಳೆಯುವಾಗ ಒಂದು ಸಾಲು, ಬಿಡುವಾಗ ಒಂದು ಸಾಲು. ಎಣಿಸಿದರೆ ಜನ ಮುಂದಿನ ಅಂಕಿಗೆ ಹೆದರುತ್ತಾರೆ, ಹಾಡಾದರೆ ಸಾಲು ಮುಗಿಸಬೇಕು ಅನ್ನಿಸುತ್ತದೆ. ಆದರೆ ವಾಕರ್ ಹಿಡಿದು ನಡೆಯುವಾಗ ವೇಗದ ಹಾಡು ಬೇಡವೇ ಬೇಡ. ಕಾಲು ತಾಳಕ್ಕೆ ಓಡಲು ಹೋಗಿ ಎಡವುತ್ತಾರೆ. ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯನ್ನು ಯಾವ ಹೊತ್ತಿಗೆ ತೆಗೆದುಕೊಂಡರೆ ವ್ಯಾಯಾಮಕ್ಕೆ ಅನುಕೂಲ ಅಂತಲೂ ಅವರನ್ನೇ ಕೇಳಿ. ಹೊತ್ತು ಸರಿಯಾಗಿ ಹೊಂದಿಸಿದರೆ ಅರ್ಧ ಜಗಳ ಮುಗಿಯುತ್ತದೆ.

ಏಲಕ್ಕಿ ತೋಟ (ಸಕಲೇಶಪುರ)

ಇದನ್ನೆಲ್ಲ ನಮ್ಮ ಅಜ್ಜಿಯರು ಪೇಪರ್ ಓದದೆ ಕಂಡುಕೊಂಡಿದ್ದರು. ರಾಗಿ ಬೀಸುವಾಗ ಪದ ಹೇಳದ ಹೆಂಗಸು ಇದ್ದಳಾ? ಬೀಸುವ ಗೂಟ ಹಿಡಿದರೆ ರಟ್ಟೆ ಬಿದ್ದುಹೋಗುತ್ತಿತ್ತು. ಇಬ್ಬರು ಎದುರುಬದುರು ಕೂತು ಒಬ್ಬಳು ಎತ್ತಿಕೊಡುವುದು, ಇನ್ನೊಬ್ಬಳು ಹಿಂದೆ ಹೇಳುವುದು. ಕೊಳಗ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲ. ನಾಟಿ ಗದ್ದೆಯಲ್ಲೂ ಅಷ್ಟೇ, ಸೊಂಟ ಬಗ್ಗಿಸಿ ಮಳೆಯಲ್ಲಿ ದಿನಪೂರ್ತಿ ನಿಂತವರು ಹಾಡಿಲ್ಲದೆ ಹೇಗೆ ತಡೆಯುತ್ತಿದ್ದರು. ಈಗ ನಾಟಿ ಮಾಡುವವರೂ ಕಡಿಮೆ, ಪದ ಬರುವವರು ಇನ್ನೂ ಕಡಿಮೆ. ಗದ್ದೆ ಬದುವಿನ ಮೇಲೆ ಮೊಬೈಲ್ ಹಾಡುತ್ತಿರುತ್ತದೆ.

ರತ್ನಗಿರಿ ಬೋರೆ

ಇಲ್ಲಿಯವರೆಗಿನ ಮಾತುಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಯಾಕೆಂದರೆ ಕೇಳುವುದಕ್ಕೂ ಹಾಡುವುದಕ್ಕೂ ವ್ಯತ್ಯಾಸ ಇದೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬಾರ್ ಮತ್ತು ಜೊತೆಯವರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹಾಡಿದವರು, ಕುಣಿದವರು, ಡ್ರಮ್ ಬಾರಿಸಿದವರು ಆಮೇಲೆ ಜಾಸ್ತಿ ನೋವು ತಡೆದುಕೊಂಡರು. ಸುಮ್ನೆ ಕೂತು ಸಂಗೀತ ಕೇಳಿದವರಲ್ಲಿ ಆ ಬದಲಾವಣೆ ಕಾಣಲಿಲ್ಲ. ಮೈಯೇ ತಯಾರಿಸುವ ಎಂಡಾರ್ಫಿನ್ ಅನ್ನುವ ನೋವುನಿವಾರಕ ಹೆಚ್ಚಾಗುತ್ತದೆ ಅಂತ ಅವರ ವಾದ. ರಕ್ತದಲ್ಲಿ ಅಳೆದು ಹೇಳಿದ್ದಲ್ಲ, ನೋವು ತಡೆಯುವ ಮಿತಿ ಏರಿದ್ದನ್ನು ನೋಡಿ ಊಹಿಸಿದ್ದು. ಆದರೂ ಸುಗ್ಗಿ ಕುಣಿತದಲ್ಲಿ, ವೀರಗಾಸೆಯಲ್ಲಿ ಗಂಟೆಗಟ್ಟಲೆ ಕುಣಿಯುವವರನ್ನು ನೋಡಿದವರಿಗೆ ಇದು ಹೊಸ ಸುದ್ದಿ ಅನ್ನಿಸುವುದಿಲ್ಲ.

ಹಾಗಾಗಿ ಸಾಲಗಾಮೆಯವರೇ, ಅಮ್ಮನಿಗೆ ಏನು ಕೇಳಿಸಲಿ ಅಂತ ಯೋಚಿಸುವ ಬದಲು ಏನು ಹಾಡಿಸಲಿ ಅಂತ ಯೋಚಿಸಿ.

ಬಯಲುಸೀಮೆ ಹುಡುಗಿ (ತರೀಕೆರೆ)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. 432 ಹರ್ಟ್ಜ್ ಸಂಗೀತ ಕೇಳಿದರೆ ಜೀವಕೋಶ ರಿಪೇರಿ ಆಗುತ್ತದೆ ಅಂತ ಯೂಟ್ಯೂಬ್ ತುಂಬಾ ಇದೆ. ನನಗೆ ಈಗ ಏಳು ತಿಂಗಳು, ಮೊಝಾರ್ಟ್ ಅನ್ನುವವರ ಪಾಶ್ಚಾತ್ಯ ಸಂಗೀತ ಕೇಳಿದರೆ ಮಗು ಬುದ್ಧಿವಂತ ಆಗುತ್ತದೆ ಅಂತ ನಾದಿನಿ ದಿನಾ ಕಳಿಸುತ್ತಿದ್ದಾಳೆ.

ತಂಬೂರಿ

432ರ ಮಾತು ಬಿಡಮ್ಮ. ಅದು ಶ್ರುತಿಯ ಅಳತೆ. 440 ಅನ್ನುವುದು ವಾದ್ಯಗಳೆಲ್ಲ ಹೊಂದಿಕೊಳ್ಳಲಿ ಅಂತ ಜನ ಮಾಡಿಕೊಂಡ ಒಪ್ಪಂದ, 1955ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಅದನ್ನು ಶಿಫಾರಸು ಮಾಡಿತು. 432 ಅದಕ್ಕಿಂತ ಚೂರು ಕೆಳಗೆ, ಅಷ್ಟೇ. ನಮ್ಮ ಸಂಗೀತದಲ್ಲಂತೂ ಶ್ರುತಿ ಹಾಡುವವರ ಗಂಟಲಿಗೆ ತಕ್ಕ ಹಾಗೆ. ನನ್ನದು ಐದನೆಯ ಮನೆ ಶ್ರುತಿ, ನನ್ನ ಗಂಡು ಶಿಷ್ಯರದು ಅದಕ್ಕಿಂತ ಕೆಳಗೆ, ಒಂದನೆಯ ಮನೆ. ಹಾಗಾದರೆ ಯಾರ ಜೀವಕೋಶ ರಿಪೇರಿ ಆಗಬೇಕು?

ರತ್ನಗಿರಿ ಬೋರೆ

ಮೊಝಾರ್ಟ್ ಕಥೆ 1993ರದ್ದು. ಅದರಲ್ಲಿ ಇದ್ದದ್ದು ಕಾಲೇಜು ವಿದ್ಯಾರ್ಥಿಗಳು, 36 ಜನ. ಹೊಟ್ಟೆಯೊಳಗಿನ ಮಗು ಒಂದೂ ಇರಲಿಲ್ಲ. ಹತ್ತು ನಿಮಿಷ ಕೇಳಿದ ಮೇಲೆ ಆಕಾರ ಜೋಡಿಸುವಂಥ ಒಂದು ಲೆಕ್ಕದಲ್ಲಿ ಸ್ವಲ್ಪ ಚೆನ್ನಾಗಿ ಮಾಡಿದರು, ಆ ಪರಿಣಾಮ ಕಾಲು ಗಂಟೆಯೂ ದಾಟಲಿಲ್ಲ. ಅಷ್ಟಕ್ಕೇ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಅಲ್ಲಿ ಹುಟ್ಟುವ ಮಕ್ಕಳಿಗೆಲ್ಲ ಸಂಗೀತದ ಸಿ.ಡಿ. ಕೊಡಲು 1998ರಲ್ಲಿ ಬಜೆಟ್‌ನಲ್ಲಿ ದುಡ್ಡು ಕೇಳಿದರು. ನಿಮಗೆ ಇಷ್ಟ ಇದ್ದರೆ ಕೇಳಿ. ನಾದಿನಿಗೋಸ್ಕರ ಬೇಡ.

ಸಾಲಗಾಮೆ ರಸ್ತೆ

ಎಲ್ಲರಿಗೂ ಬಹಳ ಧನ್ಯವಾದ. ಪೆನ್‌ಡ್ರೈವ್ ತೆಗೆದುಕೊಳ್ಳುವುದಿಲ್ಲ ಅಂತ ಚಿಕ್ಕಪ್ಪನಿಗೆ ಹೇಳಿದೆ, ಸ್ವಲ್ಪ ಮುನಿಸಿಕೊಂಡರು. ಪರವಾಗಿಲ್ಲ.

ನಾನೇ ಮೊಬೈಲ್‌ನಲ್ಲಿ ವೀಣೆ, ಕೊಳಲು ಅಂತೆಲ್ಲ ಒಳ್ಳೊಳ್ಳೆಯದು ಹುಡುಕಿ ಹಾಕಿದೆ. ಅಮ್ಮ ಸ್ವಲ್ಪ ಹೊತ್ತು ಕೇಳಿ ‘ಇದೇನೋ ಸಾವಿನ ಮನೆ ಥರ, ನಿಲ್ಲಿಸು’ ಅಂದರು. ಏನು ಬೇಕು ಹೇಳಿ ಅಂದರೆ ತಾಳಮದ್ದಳೆ ಅಂತೆ! ಅಮ್ಮನ ತವರು ಕೊಪ್ಪದ ಕಡೆ, ಅಲ್ಲಿ ಯಕ್ಷಗಾನ ಅಂದರೆ ಪ್ರಾಣ. ಈಗ ನಮ್ಮ ಹಾಲ್‌ನಲ್ಲಿ ಭಾಗವತರು, ಮದ್ದಳೆ, ನಡುವೆ ಕೃಷ್ಣನಿಗೂ ಕೌರವನಿಗೂ ವಾಗ್ವಾದ. ಇದೂ ಸಂಗೀತ ಚಿಕಿತ್ಸೆ ಅಂತ ಲೆಕ್ಕಕ್ಕೆ ಬರುತ್ತದಾ? ಶಾಂತ ಸಂಗೀತವೇ ಆಗಬೇಕಾ? ಇನ್ನೊಂದು, ಇಯರ್‌ಫೋನ್ ಹಾಕಬಹುದಾ, ಯಾಕೆಂದರೆ ಮಗಳಿಗೆ ಪರೀಕ್ಷೆ ಇದೆ.

ಮಂಡಿ ಮೇಷ್ಟ್ರು

ಹ್ಹಹ್ಹ, ಬರುತ್ತದೆ ಬರುತ್ತದೆ. ಪದ್ಯ ಬಂದಾಗ ಮಂಡಿ ಮಡಿಸಲಿ, ಅರ್ಥ ಹೇಳುವಾಗ ವಿಶ್ರಾಂತಿ ತೆಗೆದುಕೊಳ್ಳಲಿ. ಕೌರವ ಬೇಗ ಸೋಲದಿದ್ದರೆ ಒಳ್ಳೆಯದು.

ನರ್ಸಕ್ಕ

ಅಮ್ಮನಿಗೆ ಸಾವಿನ ಮನೆ ಅನ್ನಿಸಿದ್ದು ಯಾರೋ ತಜ್ಞರಿಗೆ ಶಾಂತ ಸಂಗೀತ ಅನ್ನಿಸಿದರೆ ಏನು ಪ್ರಯೋಜನ? ಇಷ್ಟವಾದದ್ದನ್ನೇ ಹಾಕಿ. ರಾತ್ರಿ ನಿದ್ದೆಗೆ ಮಾತ್ರ ವಾಗ್ವಾದ ಬೇಡ, ಎದ್ದು ಕೂತುಬಿಡುತ್ತಾರೆ. ಆಗ ನಿಧಾನದ್ದು, ಮಾತಿಲ್ಲದ್ದು ಏನಾದರೂ ಸಣ್ಣ ಸದ್ದಿನಲ್ಲಿ.

ಇಯರ್‌ಫೋನ್ ಹಾಕಬಹುದು, ಆದರೆ ಸೌಂಡ್ ನೋಡಿಕೊಳ್ಳಿ. ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಸೌಂಡ್ ಏರಿದಷ್ಟೂ ಹೊತ್ತು ಕಡಿಮೆ ಆಗಬೇಕು. ನೀವು ಪಕ್ಕದಲ್ಲಿ ನಿಂತು ಮಾತಾಡಿದರೆ ಅಮ್ಮನಿಗೆ ಕೇಳಿಸಬೇಕು, ಅದು ಸುಲಭದ ಪರೀಕ್ಷೆ. ನಡೆಯುವಾಗ ಎರಡೂ ಕಿವಿಗೆ ಹಾಕಲೇಬೇಡಿ. ಎಲ್ಲರ ಮನೆಗೂ ಅನ್ವಯಿಸುವ ಮಾತಲ್ಲ, ಆದರೆ ಬಹಳ ಅಪರೂಪಕ್ಕೆ ಕೆಲವರಿಗೆ ಸಂಗೀತದಿಂದಲೇ ಫಿಟ್ಸ್ ಬರುವುದುಂಟು. ಅಂಥ ಇತಿಹಾಸ ಇದ್ದರೆ ಡಾಕ್ಟರನ್ನು ಕೇಳಿ.

ಇದನ್ನು ಮಾತ್ರ ಸರಿಯಾಗಿ ಓದಿಕೊಳ್ಳಿ. ಮೀನಖಂಡ ಊದಿಕೊಂಡು ನೋವು ಬಂದರೆ, ಜ್ವರ ಬಂದರೆ, ಗಾಯದಿಂದ ಕೀವು ಅಥವಾ ನೀರು ಸೋರಿದರೆ, ಇದ್ದಕ್ಕಿದ್ದ ಹಾಗೆ ನೋವು ಜಾಸ್ತಿ ಆದರೆ, ಉಸಿರು ಕಟ್ಟಿದರೆ ಹಾಡು ಹಾಕಿ ಕೂರಿಸಬೇಡಿ. ಕೂಡಲೇ ಆಸ್ಪತ್ರೆಗೆ. ರಕ್ತ ಹೆಪ್ಪುಗಟ್ಟಿರಬಹುದು, ಸೋಂಕು ಇರಬಹುದು. ಸಂಗೀತ ವ್ಯಾಯಾಮದ ನೋವಿಗೆ, ಇಂಥ ನೋವಿಗಲ್ಲ.

ಹೇಮಾವತಿ ದಂಡೆ

ನಿಜವಾದ ಸಂಗೀತ ಚಿಕಿತ್ಸಕರು ಅಂತ ಇದ್ದಾರಾ ಹಾಗಾದರೆ? ಅಥವಾ ಎಲ್ಲ ಪೆನ್‌ಡ್ರೈವ್‌ನವರೇನಾ?

ರತ್ನಗಿರಿ ಬೋರೆ

ಇದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಲ್ಲಿ ಸಂಗೀತಗಾರರು ಹಾಡಲು ಹೋಗುತ್ತಿದ್ದರು. ಬರೀ ಹಾಡಿದರೆ ಸಾಲದು, ರೋಗಿಯನ್ನು ಅರ್ಥ ಮಾಡಿಕೊಳ್ಳುವ ತರಬೇತಿ ಬೇಕು ಅನ್ನುವುದು ಗೊತ್ತಾಯಿತು. ಅಮೆರಿಕದ ಮಿಷಿಗನ್‌ನಲ್ಲಿ 1944ರಲ್ಲೇ ಇದಕ್ಕೆ ಕಾಲೇಜು ಓದು ಶುರುವಾಯಿತು, 1950ರಲ್ಲಿ ರಾಷ್ಟ್ರ ಮಟ್ಟದ ಸಂಘವೂ ಆಯಿತು. ಅಂಥವರು ರೋಗಿಯ ಜೊತೆ ಕೂತು ಹಾಡಿಸುತ್ತಾರೆ, ಬಾರಿಸಲು ಕೊಡುತ್ತಾರೆ, ಬದಲಾವಣೆ ಬರೆದಿಡುತ್ತಾರೆ, ಡಾಕ್ಟರ ಜೊತೆ ಮಾತಾಡುತ್ತಾರೆ. ನಮ್ಮ ಕಡೆ ಅಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಮತ್ತು ಮಿದುಳಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯವೇ ಇದೆ.

ಗುರುತಿಸುವುದು ಕಷ್ಟ ಅಲ್ಲ. ಎಲ್ಲಿ ಕಲಿತಿರಿ ಅಂತ ಕೇಳಿ. ನಮ್ಮ ಡಾಕ್ಟರ ಜೊತೆ ಮಾತಾಡುತ್ತೀರಾ ಅಂತ ಕೇಳಿ. ಔಷಧಿ ಬಿಡಿ ಅಂದವರ ಹತ್ತಿರ ಮುಂದೆ ಮಾತೇ ಬೇಡ.

ಕಡೂರು ತೆಂಗು

ನಕ್ಷತ್ರ ಕೇಳಿದರೂ ಬೇಡ.

ಏಲಕ್ಕಿ ತೋಟ

ತೆಂಗಿನವರು ಅರ್ಧ ಅಂಕಕ್ಕೆ ಒಪ್ಪಿದರೋ ಇಲ್ಲವೋ?

ಕಡೂರು ತೆಂಗು

ಪುಕ್ಕಟೆ ಆದರೆ ಅರ್ಧ ಅಂಕ ಪರವಾಗಿಲ್ಲ. ದುಡ್ಡು ಕೊಟ್ಟು ಬೇಡ. ನನಗೂ ಸೊಂಟ ಹಿಡಿದುಕೊಂಡಿದೆ, ತೋಟಕ್ಕೆ ನೀರು ಬಿಡಲು ಹೋದಾಗ ಜೇಬಲ್ಲಿ ಆಕಾಶವಾಣಿ ಹಾಕಿಕೊಳ್ಳುತ್ತೇನೆ. ನೋವು ಹೋಗುವುದಿಲ್ಲ. ಕೆಲಸ ಮುಗಿಯುತ್ತದೆ.

ಸಾಲಗಾಮೆ ರಸ್ತೆ

ಒಂದು ಕೊನೆ ಪ್ರಶ್ನೆ, ಮೇಷ್ಟ್ರಿಗೆ. ಅಮ್ಮ ಈಗ ಪದ್ಯದ ಜೊತೆ ತಾವೂ ಗುನುಗುತ್ತಾರೆ, ಮಡಿಸುವುದು ಮೊದಲಿಗಿಂತ ಜಾಸ್ತಿ ಸಲ ಆಗುತ್ತಿದೆ. ನೋವು ಇದೆ, ಮಾತ್ರೆಯೂ ಇದೆ. ‘ನಾಳೆ’ ಅನ್ನುವುದು ಮಾತ್ರ ಕಡಿಮೆ ಆಗಿದೆ. ಶನಿವಾರ ನಮ್ಮ ಬೀದಿಯ ಭಜನಾ ಮಂಡಳಿಯವರು ಕರೆದಿದ್ದಾರೆ, ಹೋಗಲೇಬೇಕು ಅಂತ ಹಟ. ಅಲ್ಲಿ ಎಲ್ಲರೂ ಜಮಖಾನದ ಮೇಲೆ ಕೂರುತ್ತಾರೆ. ಸ್ವಲ್ಪ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ತೊಂದರೆ ಇದೆಯಾ?

ಮಂಡಿ ಮೇಷ್ಟ್ರು

ನೆಲದ ಮೇಲೆ ಬೇಡವೇ ಬೇಡ. ಕೈ ಇರುವ ಗಟ್ಟಿ ಕುರ್ಚಿ ಹಾಕಿಸಿ, ಪ್ಲಾಸ್ಟಿಕ್‌ದು ಬೇಡ. ಹತ್ತಿ ಇಳಿಯಲು ಮೆಟ್ಟಿಲು ಎಷ್ಟಿದೆ ಅಂತ ಮೊದಲು ನೋಡಿಕೊಂಡು ಬನ್ನಿ. ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಕಾಲು ಆಡಿಸಲಿ, ತಾಳ ಮಾತ್ರ ಕೈಯಲ್ಲಿ ಹಾಕಲಿ.